ಬಾರ್ ಪೆಂಡ್ಯುಲಮ್‌ನಲ್ಲಿ ಜಿ 10.83 ಬಂದಿದೆ, ಈರುಳ್ಳಿ ಬೇರಿನಲ್ಲಿ ಒಂದೂ ಮೆಟಾಫೇಸ್ ಕಾಣ್ತಿಲ್ಲ. ಎಲ್ಲಿ ತಪ್ಪಿದೆ?

ದಾವಣಗೆರೆ_ಬಿಎಸ್ಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ರೂಮ್‌ಮೇಟ್ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ). ಇಬ್ಬರಿಗೂ ಮುಂದಿನ ವಾರ ಪ್ರಾಕ್ಟಿಕಲ್ ಇಂಟರ್ನಲ್ಸ್ ಇದೆ. ಇಬ್ಬರ ರಿಸಲ್ಟೂ ಸರಿ ಬಂದಿಲ್ಲ, ಅದಕ್ಕೆ ಒಂದೇ ಕಡೆ ಕೇಳ್ತಿದೀವಿ.

ಮೊದಲನೆಯದು ಬಾರ್ ಪೆಂಡ್ಯುಲಮ್, ಅಂದರೆ ತೂತುಗಳಿರುವ ಬಾರನ್ನ ತೂಗಿಸಿ ಗುರುತ್ವ ವೇಗೋತ್ಕರ್ಷ ಜಿ ಕಂಡುಹಿಡಿಯೋದು. ಒಂದು ಮೀಟರ್ ಉದ್ದದ ಬಾರ್, 5 ಸೆಂ.ಮೀ.ಗೆ ಒಂದು ತೂತು. ಪ್ರತಿ ತೂತಿಗೂ 20 ಆಂದೋಲನದ ಸಮಯ ತೆಗೆದಿದೀವಿ. ಗುರುತ್ವ ಕೇಂದ್ರದಿಂದ 45 ಸೆಂ.ಮೀ. ದೂರದ ತೂತಿಗೆ 30.4 ಸೆಕೆಂಡ್, 40ಕ್ಕೆ 29.8, 30ಕ್ಕೆ 29.0, 20ಕ್ಕೆ 30.0, 10ಕ್ಕೆ 36.9. ಇನ್ನೊಂದು ಬದಿಯಲ್ಲೂ ಹೆಚ್ಚುಕಮ್ಮಿ ಇದೇ. ದೂರಕ್ಕೆ ಎದುರಾಗಿ ಒಂದು ಆಂದೋಲನದ ಸಮಯ ಟಿ ಹಾಕಿದ ಗ್ರಾಫ್‌ನಲ್ಲಿ ಟಿ = 1.52 ಸೆಕೆಂಡ್‌ಗೆ ಅಡ್ಡಗೆರೆ ಎಳೆದರೆ ಎಡಬದಿಯಲ್ಲಿ 44.7 ಮತ್ತು 18.6, ಬಲಬದಿಯಲ್ಲಿ 18.5 ಮತ್ತು 45.0 ಸೆಂ.ಮೀ.ನಲ್ಲಿ ಕತ್ತರಿಸುತ್ತೆ. ಒಂದು ಬದಿಯ ದೊಡ್ಡ ದೂರ, ಇನ್ನೊಂದು ಬದಿಯ ಚಿಕ್ಕ ದೂರ ಕೂಡಿಸಿ ಸರಾಸರಿ ತೆಗೆದ ಉದ್ದ ಎಲ್ 63.4 ಸೆಂ.ಮೀ., ಜಿ = 4 × ಪೈ² × ಎಲ್ ÷ ಟಿ² = 10.83 ಮೀ/ಸೆ². ಬ್ಯಾಚ್‌ನಲ್ಲಿ ಕೆಲವರು "ಟಿ ಸ್ವಲ್ಪ ಜಾಸ್ತಿ ಬರಕೋ, 9.8ಕ್ಕೆ ಕೂಡಿಸು" ಅಂತಾರೆ. ಹಾಗೆ ಮಾಡೋಕೆ ಮನಸ್ಸಿಲ್ಲ. ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕು.

ಎರಡನೆಯದು ಈರುಳ್ಳಿ ಬೇರಿನ ತುದಿಯ ಮೈಟಾಸಿಸ್, ಅಂದರೆ ಕೋಶ ವಿಭಜನೆ; ಅದರ ಹಂತಗಳು ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಈರುಳ್ಳಿಯನ್ನ ರೂಮಲ್ಲೇ ಗ್ಲಾಸ್ ಮೇಲೆ ಕೂರಿಸಿ ಬೇರು ಬರಿಸಿದ್ವಿ. ಬೆಳಿಗ್ಗೆ ಹತ್ತಕ್ಕೆ ಬೇರು ಕತ್ತರಿಸಿ ಒದ್ದೆ ಹತ್ತಿಯಲ್ಲಿ ಸುತ್ತಿಕೊಂಡು ಹೋಗಿ, ಹನ್ನೆರಡಕ್ಕೆ ಲ್ಯಾಬಲ್ಲಿ ಫಿಕ್ಸೆಟಿವ್‌ಗೆ (ಕೋಶಗಳನ್ನ ಇದ್ದ ಸ್ಥಿತಿಯಲ್ಲೇ ಹಿಡಿದಿಡುವ ದ್ರಾವಣ) ಹಾಕಿದ್ದು. ಮರುದಿನ ಅಸಿಟೋಕಾರ್ಮಿನ್ ಬಣ್ಣ ಹಾಕಿ ಸ್ಕ್ವಾಷ್ ಮಾಡಿದರೆ (ಕವರ್ ಸ್ಲಿಪ್ ಕೆಳಗೆ ಒತ್ತಿ ಹರಡಿದರೆ) ಉದ್ದುದ್ದ ಕೋಶಗಳೇ ಕಾಣ್ತವೆ. ಒಂದೊಂದರಲ್ಲಿ ಸಣ್ಣ ನ್ಯೂಕ್ಲಿಯಸ್, ಅಷ್ಟೇ. ಕ್ರೋಮೋಸೋಮ್ ಒಂದೂ ಇಲ್ಲ. ಕೆಲವು ಕಡೆ ಕೋಶಗಳು ಗುಂಪುಗುಂಪಾಗಿ ಒಂದರ ಮೇಲೊಂದು ಕೂತಿವೆ. ಮಧ್ಯಾಹ್ನ ಫಿಕ್ಸ್ ಮಾಡಿದ್ದೇ ತಪ್ಪಾ?

ಲೋಲಕ

ರೀಡಿಂಗ್ ಪೂರ್ತಿ ಹಾಕಿದ್ದು ಒಳ್ಳೆಯದಾಯ್ತು. ತಪ್ಪು ಎಲ್ಲಿದೆ ಅಂತ ನಿಮ್ಮ ಅಂಕಿಗಳೇ ಹೇಳ್ತಿವೆ.

ಮೊದಲು ಉದ್ದ ನೋಡೋಣ. ಗೆರೆ ಕತ್ತರಿಸಿದ ಎರಡು ದೂರಗಳ ಗುಣಲಬ್ಧ ಪರಿಭ್ರಮಣ ತ್ರಿಜ್ಯ ಕೆ (ಬಾರಿನ ದ್ರವ್ಯರಾಶಿ ಕೇಂದ್ರದಿಂದ ಎಷ್ಟು ದೂರ ಹರಡಿದೆ ಅನ್ನೋ ಅಳತೆ) ಇದೆಯಲ್ಲ, ಅದರ ವರ್ಗಕ್ಕೆ ಸಮ ಇರಬೇಕು. ನಿಮ್ಮ ಸರಾಸರಿ 44.85 ಮತ್ತು 18.55. ಗುಣಿಸಿದರೆ 832, ವರ್ಗಮೂಲ 28.8 ಸೆಂ.ಮೀ. ಒಂದೇ ಸಮನಾದ 100 ಸೆಂ.ಮೀ. ಬಾರ್‌ಗೆ ಕೆ ಎಷ್ಟಿರಬೇಕು? 100 ಭಾಗಿಸು 12ರ ವರ್ಗಮೂಲ, ಅಂದರೆ 28.9. ಕೂಡಿ ಬಂತು. ಗಮನಿಸಿ, ಈ ಲೆಕ್ಕದಲ್ಲಿ ಸಮಯ ಎಲ್ಲೂ ಬರಲ್ಲ. ಆದ್ದರಿಂದ ನಿಮ್ಮ ದೂರದ ಅಳತೆ, ಗ್ರಾಫಿನ ಆಕಾರ ಎರಡೂ ಸರಿ ಇವೆ.

ಈಗ ಸಮಯಕ್ಕೆ ಬನ್ನಿ. ಬಾರ್ ಅತಿ ಬೇಗ ತೂಗುವುದು ತೂಗುಬಿಂದು ಕೇಂದ್ರದಿಂದ ಕೆಯಷ್ಟು ದೂರ ಇದ್ದಾಗ, ನಿಮ್ಮಲ್ಲಿ 30 ಸೆಂ.ಮೀ. ತೂತಿನ ಹತ್ತಿರ. ಆಗ ಟಿ² = 8 × ಪೈ² × ಕೆ ÷ ಜಿ. ಜಿಗೆ ನಮ್ಮೂರಿನ ಬೆಲೆ 9.78 (ಯಾಕೆ ಅಂತ ಕೊನೆಗೆ ಹೇಳ್ತೀನಿ) ಹಾಕಿದರೆ ಟಿ 1.53 ಸೆಕೆಂಡ್. ಒಂದು ಮೀಟರ್ ಬಾರ್ ಇದಕ್ಕಿಂತ ಬೇಗ ಆಡಲಾರದು. ನಿಮ್ಮದು 29.0 ÷ 20 = 1.45. ಅಷ್ಟು ಬರಬೇಕಾದರೆ ಬಾರ್ ಉದ್ದ 90 ಸೆಂ.ಮೀ. ಇರಬೇಕಿತ್ತು, ಆಗ ನಿಮ್ಮ 45 ಸೆಂ.ಮೀ. ತೂತು ಬಾರಿನ ತುದಿಗೇ ಬಿದ್ದುಬಿಡ್ತಿತ್ತು.

1.45ನ್ನು 1.53ರಿಂದ ಭಾಗಿಸಿ: 0.95. ಅಂದರೆ 19/20. ಬೇರೆ ತೂತುಗಳಲ್ಲೂ ಇದೇ ಅನುಪಾತ ಬರುತ್ತೆ. 45 ಸೆಂ.ಮೀ.ಗೆ ಲೆಕ್ಕದ ಪ್ರಕಾರ 32.0 ಸೆಕೆಂಡ್ ಬರಬೇಕು, 10 ಸೆಂ.ಮೀ.ಗೆ 38.8. ನಿಮ್ಮ 30.4 ಮತ್ತು 36.9 ಎರಡೂ ಸರಿಯಾಗಿ ಅದರ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು. ನೀವು ಸ್ಟಾಪ್‌ವಾಚ್ ಒತ್ತುವಾಗ "ಒಂದು" ಅಂತ ಎಣಿಕೆ ಶುರು ಮಾಡಿದೀರಿ. ಆವಾಗ "ಇಪ್ಪತ್ತು" ಅಂದಾಗ ಮುಗಿದಿರುವುದು ಹತ್ತೊಂಬತ್ತೇ ಆಂದೋಲನ. ಟಿ ಶೇ. 5 ಕಡಿಮೆ ಆದರೆ ಜಿ ಶೇ. 11 ಹತ್ತಿರ ಜಾಸ್ತಿ ಆಗುತ್ತೆ, ಯಾಕಂದರೆ ಸೂತ್ರದಲ್ಲಿ ಟಿ ವರ್ಗವಾಗಿ ಕೆಳಗಿದೆ. 9.78 ÷ 0.9025 ಮಾಡಿ ನೋಡಿ, 10.84 ಬರುತ್ತೆ.

ಹಾಗಂತ ಹಳೆ ರೀಡಿಂಗನ್ನೇ 19ರಿಂದ ಭಾಗಿಸಿ ಬರೆಯಬೇಡಿ. ಅದು ಊಹೆಯೇ ಆಯ್ತು, ಅಳತೆ ಆಗಲಿಲ್ಲ. ಎರಡು ಮೂರು ತೂತಿಗೆ ಮತ್ತೆ ತೆಗೆಯಿರಿ. 45ಕ್ಕೆ 32ರ ಆಸುಪಾಸು ಬಂದರೆ ಕಾರಣ ಖಚಿತ, ಆಮೇಲೆ ಎಲ್ಲವನ್ನೂ ಹೊಸದಾಗಿ ತೆಗೆಯಿರಿ.

ತೆಗೆಯುವ ಕ್ರಮ: ಬಾರ್ ನಿಶ್ಚಲವಾಗಿ ತೂಗುವಾಗ ಅದರ ಕೆಳತುದಿಯ ಹಿಂದೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಹಾಕಿ. ಬಾರ್ ಆ ಗೆರೆಯನ್ನು ಎಡದಿಂದ ಬಲಕ್ಕೆ ದಾಟುವಾಗ ಮಾತ್ರ ಎಣಿಸಿ. ಮೂರು, ಎರಡು, ಒಂದು, ಸೊನ್ನೆ ಅಂತ ಬಾಯಿಬಿಟ್ಟು ಹೇಳಿ, ಸೊನ್ನೆಗೆ ವಾಚ್ ಒತ್ತಿ. ಬಾರ್ ತುದಿ ಮುಟ್ಟಿ ವಾಪಸ್ ತಿರುಗುವ ಜಾಗದಲ್ಲಿ ಎಣಿಸಿದರೆ ಅಲ್ಲಿ ಅದು ನಿಧಾನ ಇರುತ್ತೆ, ಯಾವ ಕ್ಷಣಕ್ಕೆ ಒತ್ತಬೇಕು ಅಂತ ಕಣ್ಣಿಗೆ ಸಿಗಲ್ಲ. ಗೆರೆ ದಾಟುವಾಗ ವೇಗ ಅತಿ ಹೆಚ್ಚು, ಆದ್ದರಿಂದ ಕ್ಷಣ ಸ್ಪಷ್ಟ.

ತೂಗಾಟ ಚಿಕ್ಕದಿರಲಿ. 5 ಡಿಗ್ರಿಗೆ ಟಿಯಲ್ಲಿ ತಪ್ಪು ಶೇ. 0.05 ಮಾತ್ರ, ಆದರೆ 20 ಡಿಗ್ರಿ ಎಳೆದು ಬಿಟ್ಟರೆ ಶೇ. 0.76 ಆಗಿ ಜಿಯಲ್ಲಿ ಶೇ. 1.5 ತಿಂದುಹಾಕುತ್ತೆ. ಫ್ಯಾನ್ ಆರಿಸಿ. ನೈಫ್ ಎಡ್ಜ್ (ಬಾರ್ ತೂಗುವ ಚೂಪು ಅಂಚಿನ ಆಧಾರ) ಕೂತಿರುವ ಬ್ರಾಕೆಟ್ ಅಲುಗಾಡ್ತಿದೆಯಾ ಅಂತ ಅದರ ಮೇಲೆ ಬೆರಳಿಟ್ಟು ನೋಡಿ, ಬೆರಳಿಗೆ ಅದುರು ತಾಗಿದರೆ ಸ್ಕ್ರೂ ಬಿಗಿ ಮಾಡಿ. ದೂರ ಅಳೆಯುವಾಗ ತೂತಿನ ನಡುವಿನಿಂದ ಅಲ್ಲ, ನೈಫ್ ಎಡ್ಜ್ ತಾಗುವ ಅಂಚಿನಿಂದ ಅಳೆಯಿರಿ.

ಗ್ರಾಫ್‌ನಲ್ಲಿ ಬಹಳ ಜನ ಮಾಡೋ ತಪ್ಪು ಇನ್ನೊಂದಿದೆ, ನೀವು ಮಾಡಿಲ್ಲ. ಗೆರೆ ಕತ್ತರಿಸುವ ನಾಲ್ಕು ಬಿಂದುಗಳಲ್ಲಿ ಎಲ್ ಅಂದರೆ ಒಂದನೆಯದರಿಂದ ಮೂರನೆಯದಕ್ಕೆ, ಎರಡನೆಯದರಿಂದ ನಾಲ್ಕನೆಯದಕ್ಕೆ ಇರುವ ದೂರ. ಹೊರಗಿನ ಎರಡು ಬಿಂದುಗಳ ದೂರದ ಅರ್ಧ ತಗೊಂಡರೆ 44.85 ಬಂದು ಜಿ ಏಳರ ಆಸುಪಾಸಿಗೆ ಇಳಿಯುತ್ತೆ.

ಕೊನೆಗೆ 9.8ರ ಮಾತು. 9.80665 ಅನ್ನೋದು 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿಕೊಂಡ ಪ್ರಮಾಣಿತ ಬೆಲೆ, ಸರಿಸುಮಾರು 45 ಡಿಗ್ರಿ ಅಕ್ಷಾಂಶದ ಸಮುದ್ರಮಟ್ಟದ ಬೆಲೆ. ದಾವಣಗೆರೆ ಇರೋದು 14.5 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅಕ್ಷಾಂಶದ ಸೂತ್ರ ಹಾಕಿ, ಪ್ರತಿ 100 ಮೀಟರಿಗೆ 0.0003 ಕಳೆದರೆ ಇಲ್ಲಿ 9.78 ಬರುತ್ತೆ. ಚಿತ್ರದುರ್ಗ ಇನ್ನೂ 100 ಮೀಟರಿಗೂ ಹೆಚ್ಚು ಮೇಲಿದೆ, ಆದರೂ ಎರಡು ದಶಮಾಂಶಕ್ಕೆ ಅಲ್ಲೂ 9.78 ತಾನೆ. 9.8ಕ್ಕೆ "ಕೂಡಿಸಿದವರು" ನಮ್ಮೂರಿನದಲ್ಲದ ಬೆಲೆಗೆ ಕೂಡಿಸಿದಂಗಾಯ್ತು.

ಬೇರುತುದಿ

ಈರುಳ್ಳಿಯದ್ದು ನಾನು ಹೇಳ್ತೀನಿ. ನೀವು ಬರೆದಿರೋದ್ರಲ್ಲಿ ಮೂರು ಬೇರೆ ಬೇರೆ ತೊಂದರೆ ಇವೆ, ಬಿಡಿಸಿ ನೋಡಬೇಕು.

ಉದ್ದುದ್ದ ಕೋಶ ಅಂದರೆ ನೀವು ಸ್ಲೈಡಿಗೆ ಹಾಕಿದ್ದು ಬೇರಿನ ತುದಿಯೇ ಅಲ್ಲ. ತುತ್ತತುದಿಯಲ್ಲಿ ಬೇರಿನ ಟೊಪ್ಪಿಗೆ, ಅದರ ಹಿಂದೆ ಒಂದೆರಡು ಮಿಲಿಮೀಟರ್ ಮಾತ್ರ ವಿಭಜನೆ ಆಗೋ ಮೆರಿಸ್ಟೆಮ್. ಅದರಿಂದ ಮೇಲೆ ಕೋಶ ಬರೀ ಉದ್ದ ಆಗುತ್ತೆ, ಒಡೆಯಲ್ಲ. ಮೆರಿಸ್ಟೆಮ್ ಕೋಶ ಚಿಕ್ಕದು, ಚೌಕಾಕಾರ, ನ್ಯೂಕ್ಲಿಯಸ್ ಕೋಶದ ತುಂಬಾ ಇರುತ್ತೆ. ನಿಮ್ಮ ಸ್ಲೈಡ್‌ನಲ್ಲಿ ಅಂಥದ್ದು ಒಂದೂ ಇಲ್ಲದಿದ್ದರೆ ಎಷ್ಟು ಹೊತ್ತು ಹುಡುಕಿದರೂ ಮೆಟಾಫೇಸ್ ಸಿಗಲ್ಲ. ಬೇರನ್ನ ಚಿಮಟದಲ್ಲಿ ಎತ್ತುವಾಗ ತುದಿಯನ್ನೇ ಹಿಡಿದರೆ ಅದು ಜಜ್ಜಿ ಹೋಗಿರುತ್ತೆ, ಕತ್ತರಿಸಿದ ಕಡೆಯಿಂದ ಹಿಡಿಯಿರಿ. ತುದಿ ಯಾವುದು ಅಂತ ಅನುಮಾನ ಬೇಡ: ಇಡೀ ಬೇರಿಗೆ ಬಣ್ಣ ಹಿಡಿಸಿ ವಾಚ್ ಗ್ಲಾಸನ್ನು ಬಿಳಿ ಹಾಳೆ ಮೇಲಿಟ್ಟು ನೋಡಿ. ತುದಿಯ ಒಂದೆರಡು ಮಿ.ಮೀ. ಕಡು ಕೆಂಪು, ಮೇಲಿನದು ತೆಳು ಗುಲಾಬಿ. ಆ ಕಡು ಕೆಂಪನ್ನಷ್ಟೇ ಬ್ಲೇಡಿನಲ್ಲಿ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನ ಬಿಸಾಕಿ.

ಎರಡನೆಯದು ಒದ್ದೆ ಹತ್ತಿಯ ಎರಡು ಗಂಟೆ. ಕತ್ತರಿಸಿದ ಬೇರಲ್ಲಿ ಆಗಲೇ ಶುರುವಾಗಿದ್ದ ವಿಭಜನೆ ಮುಗಿದುಹೋಗುತ್ತೆ, ಪೆಟ್ಟು ತಿಂದ ಬೇರಲ್ಲಿ ಹೊಸದು ಶುರುವಾಗೋದು ಕಡಿಮೆ. ಬೇರು ಈರುಳ್ಳಿಯಿಂದ ಬಿಟ್ಟ ಕೂಡಲೇ ಫಿಕ್ಸೆಟಿವ್‌ಗೆ ಬೀಳಬೇಕು. ಈರುಳ್ಳಿಯನ್ನ ಗ್ಲಾಸ್ ಸಮೇತ ಲ್ಯಾಬಿಗೆ ಒಯ್ಯಿರಿ, ಇಲ್ಲಾಂದ್ರೆ ಫಿಕ್ಸೆಟಿವನ್ನ ಸಣ್ಣ ಬಾಟಲಲ್ಲಿ ತಂದು ಅಲ್ಲೇ ಕತ್ತರಿಸಿ ಹಾಕಿ.

ಫಿಕ್ಸೆಟಿವ್: ಗ್ಲೇಶಿಯಲ್ ಅಸಿಟಿಕ್ ಆಮ್ಲ 1 ಪಾಲು, ಅಬ್ಸೊಲ್ಯೂಟ್ ಆಲ್ಕೋಹಾಲ್ 3 ಪಾಲು. ಅಡುಗೆ ವಿನೆಗರ್, ಔಷಧಿ ಅಂಗಡಿಯ ಸ್ಪಿರಿಟ್ ಇದಕ್ಕೆ ಆಗಲ್ಲ. ಅವತ್ತಿನದು ಅವತ್ತೇ ಬೆರೆಸಿ. ಹಳೆಯದಾದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಎಸ್ಟರ್ ಆಗ್ತಾ ಹೋಗುತ್ತೆ, ಕಟ್ಟುವ ಶಕ್ತಿ ಕಡಿಮೆ ಆಗುತ್ತೆ. 24 ಗಂಟೆ ಆದ ಮೇಲೆ ಶೇ. 70ರ ಆಲ್ಕೋಹಾಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಇಂಟರ್ನಲ್ಸ್ ತನಕ ಕೆಡಲ್ಲ.

ಮೂರನೆಯದು ಕೋಶ ಗುಂಪುಗುಂಪಾಗಿ ಕೂತಿರೋದು. ನೀವು ಆಮ್ಲದಲ್ಲಿ ಮೆತ್ತಗೆ ಮಾಡಿದ ಹಾಗೆ ಕಾಣಲ್ಲ, ಮಾಡಿದ್ದರೂ ಸಾಲಲಿಲ್ಲ. ಕೋಶಗಳನ್ನ ಒಂದಕ್ಕೊಂದು ಅಂಟಿಸಿರೋದು ಪೆಕ್ಟಿನ್. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ 5ರಿಂದ 8 ನಿಮಿಷ ಇಟ್ಟರೆ ಅದು ಬಿಡುತ್ತೆ. ಗಟ್ಟಿ ಆಮ್ಲ ಸುಮಾರು 8.5 ಮಿ.ಲೀ. ತಗೊಂಡು ನೀರಿಗೆ ಹಾಕಿ 100 ಮಿ.ಲೀ. ಮಾಡಿದರೆ 1 ನಾರ್ಮಲ್. ಆಮ್ಲವನ್ನೇ ನೀರಿಗೆ ಹಾಕಬೇಕು, ನೀರನ್ನ ಆಮ್ಲಕ್ಕೆ ಯಾವತ್ತೂ ಸುರಿಯಬಾರದು. ಕರೆಂಟ್ ಹೋಗಿ ವಾಟರ್ ಬಾತ್ ಇಲ್ಲದಿದ್ದರೆ ಫ್ಲಾಸ್ಕ್‌ನಲ್ಲಿ 60 ಡಿಗ್ರಿ ನೀರು ಹಿಡಿದು ಅದರಲ್ಲಿ ಟೆಸ್ಟ್ ಟ್ಯೂಬ್ ಇಳಿಬಿಡಿ, ಎಂಟು ನಿಮಿಷಕ್ಕೆ ಬೇಕಾದಷ್ಟು ಬಿಸಿ ಇರುತ್ತೆ. ಸೂಜಿಯಲ್ಲಿ ಮುಟ್ಟಿದರೆ ಬೆಂದ ಅನ್ನದಗುಳಿನ ಹಾಗೆ ಮೆತ್ತಗಿರಬೇಕು, ಆದರೆ ಕರಗಬಾರದು. ಹೊತ್ತು ಜಾಸ್ತಿಯಾದರೆ ಕಾರ್ಮಿನ್ ಬಣ್ಣ ಹಿಡಿಯಲ್ಲ. ಆಮೇಲೆ ನೀರಲ್ಲಿ ಎರಡು ಸಲ ತೊಳೆಯಿರಿ.

ಬಣ್ಣಕ್ಕೆ ಶೇ. 1ರ ಅಸಿಟೋಕಾರ್ಮಿನ್ ಸಾಕು: 45 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ, 55 ಮಿ.ಲೀ. ನೀರು, 1 ಗ್ರಾಂ ಕಾರ್ಮಿನ್, ಫ್ಯೂಮ್ ಹುಡ್ ಒಳಗೆ ಸಣ್ಣಗೆ ಕುದಿಸಿ, ಆರಿದ ಮೇಲೆ ಸೋಸಿ. ಬೇರು 20ರಿಂದ 30 ನಿಮಿಷ ಅದರಲ್ಲಿರಲಿ. ಬಣ್ಣ ಮಂಕಾಗಿದ್ದರೆ ಕಬ್ಬಿಣದ ಸೂಜಿಯಿಂದ ಆ ಹನಿಯನ್ನ ಸ್ವಲ್ಪ ಕಲಕಿ, ಕಬ್ಬಿಣದ ಅಂಶ ಸೇರಿದರೆ ಕ್ರೋಮೋಸೋಮ್ ಗಾಢವಾಗುತ್ತೆ. ಅತಿಯಾದರೆ ಸೈಟೋಪ್ಲಾಸಮ್ ಕೂಡ ಕಪ್ಪಾಗುತ್ತೆ.

ಸ್ಕ್ವಾಷ್ ಮಾಡುವಾಗ: ಒಂದು ಹನಿ ಶೇ. 45ರ ಅಸಿಟಿಕ್ ಆಮ್ಲ, ಅದರಲ್ಲಿ ತುದಿ, ಮೇಲೆ ಗುಳ್ಳೆ ಬಾರದಂತೆ ಕವರ್ ಸ್ಲಿಪ್. ಬೆಂಕಿಕಡ್ಡಿಯ ಹಿಂಭಾಗದಿಂದ ಮೆಲ್ಲಗೆ ಕುಟ್ಟಿ. ಕೆಂಪು ಚುಕ್ಕೆ ಮೋಡದ ಹಾಗೆ ಹರಡುತ್ತಾ ಹೋಗುತ್ತೆ. ಆಮೇಲೆ ಬ್ಲಾಟಿಂಗ್ ಪೇಪರ್ ಮಡಿಸಿ ಇಟ್ಟು ಹೆಬ್ಬೆರಳಿಂದ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳು ಹೊಸೆದುಕೊಂಡು ಹಗ್ಗದ ಎಳೆ ಥರ ಆಗ್ತವೆ, ಆ ಸ್ಲೈಡ್ ಕೈಬಿಟ್ಟು ಇನ್ನೊಂದು ಮಾಡಿ. ಮೊದಲು 10 ಎಕ್ಸ್‌ನಲ್ಲಿ ಚೌಕ ಕೋಶಗಳ ಜಾಗ ಹುಡುಕಿ, ಸಿಕ್ಕ ಮೇಲೆ 45 ಎಕ್ಸ್‌ಗೆ ಹೋಗಿ, ಡಯಾಫ್ರಮ್ ಸ್ವಲ್ಪ ಕಿರಿದು ಮಾಡಿ.

ದುರ್ಗದ_ಬೆಂಚು

ಮಧ್ಯಾಹ್ನ ಫಿಕ್ಸ್ ಮಾಡಿದ್ದೇ ತಪ್ಪಾ ಅಂದ್ರಲ್ಲ, ಅದಕ್ಕೆ ಮಾತ್ರ ನನ್ನ ಉತ್ತರ. ಬೆಳಿಗ್ಗೆ ಫಿಕ್ಸ್ ಮಾಡೋ ರೂಢಿ ಇದೆ, ಅದನ್ನೇ ಪಾಲಿಸ್ರಿ, ಏಳಕ್ಕೊಂದು, ಎಂಟಕ್ಕೊಂದು, ಒಂಬತ್ತಕ್ಕೊಂದು ಹೀಗೆ ಮೂರು ಬ್ಯಾಚ್ ಹಾಕಿ ಬಾಟಲ ಮೇಲೆ ಹೊತ್ತು ಬರೆದಿಡ್ರಿ. ಆದರೆ ಚೆನ್ನಾಗಿ ಬೆಳೀತಿರೋ ಬೇರಲ್ಲಿ ಯಾವ ಹೊತ್ತಲ್ಲಾದರೂ ಒಂದಿಷ್ಟು ವಿಭಜನೆ ಇದ್ದೇ ಇರುತ್ತೆ. ಒಂದೂ ಇಲ್ಲ ಅಂದರೆ ದೋಷ ಹೊತ್ತಿನದಲ್ಲ, ಬೇರುತುದಿ ಅವರು ಹೇಳಿದ್ದೇ.

ಈರುಳ್ಳಿ ಆರಿಸೋದ್ರಲ್ಲೂ ಎಡವೋದುಂಟು. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಮಳೆಗಾಲದ ಈರುಳ್ಳಿ ಮಾರ್ಕೆಟಿಗೆ ಬಂದಾಗ ಹೊಸ ಗೆಡ್ಡೆ ಹೊಳೀತಾ ಇರುತ್ತೆ, ಆದರೆ ಕಿತ್ತ ಹೊಸತರಲ್ಲಿ ಅದು ಸುಪ್ತಾವಸ್ಥೆಯಲ್ಲಿರುತ್ತೆ, ಬೇರು ಬಿಡೋಕೆ ಸತಾಯಿಸುತ್ತೆ. ಕೆಲವು ವಾರ ಇಟ್ಟ, ಮೂತಿಯಲ್ಲಿ ಹಸಿರು ಇಣುಕ್ತಿರೋ ಗೆಡ್ಡೆ ತಗೊಳ್ರಿ. ಬುಡದ ಒಣಬೇರನ್ನ ಬ್ಲೇಡಿನಲ್ಲಿ ಕೆರೆದು ತೆಗೀರಿ, ಬುಡದ ತಟ್ಟೆಗೆ ಗಾಯ ಆಗಬಾರದು. ಬುಡ ಮಾತ್ರ ನೀರು ಮುಟ್ಟಲಿ, ಗೆಡ್ಡೆ ಮುಳುಗಿದರೆ ಕೊಳೆಯುತ್ತೆ. ನಲ್ಲಿ ನೀರಾದರೆ ರಾತ್ರಿಯೆಲ್ಲ ಪಾತ್ರೆಯಲ್ಲಿ ಮುಚ್ಚದೆ ಇಟ್ಟು ಬಳಸಿ, ದಿನಾ ಬದಲಿಸಿ. ಬೇಸಿಗೆಯಾದರೆ ಗ್ಲಾಸನ್ನ ನೀರಿನ ಮಣ್ಣಿನ ಮಡಕೆ ಪಕ್ಕ ನೆರಳಲ್ಲಿಡಿ. ಮೂರ್ನಾಲ್ಕು ದಿನಕ್ಕೆ ಬೇರು 2 ಸೆಂ.ಮೀ. ಆದ ಕೂಡಲೇ ಕತ್ತರಿಸಿ, ಉದ್ದ ಆಗಲಿ ಅಂತ ಕಾಯಬೇಡಿ.

ಟೈಮ್ ಇಲ್ಲ ಅಂದರೆ ಬೆಳ್ಳುಳ್ಳಿ ಎಸಳು ಇಡಿ. ಅದಕ್ಕೂ ಈರುಳ್ಳಿಯ ಹಾಗೆ 2ಎನ್ (ಒಂದು ಕೋಶದ ಕ್ರೋಮೋಸೋಮ್ ಸಂಖ್ಯೆ) = 16 ತಾನೆ, ಕ್ರೋಮೋಸೋಮ್ ಗಾತ್ರವೂ ದೊಡ್ಡದು. ಆದರೆ ರೆಕಾರ್ಡ್‌ನಲ್ಲಿ ಬೆಳ್ಳುಳ್ಳಿ ಅಂತಲೇ ಬರೀರಿ.

ದಾವಣಗೆರೆ_ಬಿಎಸ್ಸಿ

ಲೋಲಕ ಸರ್, ಇವತ್ತು ಸೊನ್ನೆಯಿಂದ ಎಣಿಸಿ ತೆಗೆದ್ವಿ. 45ಕ್ಕೆ 32.1, 30ಕ್ಕೆ 30.6, 20ಕ್ಕೆ 31.5. ನೀವು ಹೇಳಿದ್ದೇ ಕಾರಣ. ಬೇರುತುದಿ ಅವರು ಹೇಳಿದ ಹಾಗೆ ಕಡು ಕೆಂಪು ತುದಿ ಮಾತ್ರ ಹಾಕಿದಾಗ ಹಳೆ ಬೇರಲ್ಲೇ ನಾಲ್ಕೈದು ಪ್ರೊಫೇಸ್ ಸಿಕ್ಕವು. ನಾಳೆ ಹೊಸ ಈರುಳ್ಳಿ ಇಡ್ತೀವಿ. ಈಗ ಉಳಿದಿರೋದು: ಎರಡರಲ್ಲೂ ಉತ್ತರವನ್ನ ಎಷ್ಟು ದಶಮಾಂಶಕ್ಕೆ ಬರೀಬೇಕು? ಮೈಟಾಟಿಕ್ ಇಂಡೆಕ್ಸ್‌ಗೆ (ನೂರಕ್ಕೆ ಎಷ್ಟು ಕೋಶ ವಿಭಜನೆಯಲ್ಲಿವೆ ಅನ್ನೋದು) ಎಷ್ಟು ಕೋಶ ಎಣಿಸಬೇಕು?

ಲೋಲಕ

ಎರಡಕ್ಕೂ ಒಂದೇ ತರ್ಕ, ಆದ್ದರಿಂದ ಸೇರಿಸೇ ಹೇಳ್ತೀನಿ.

ಬಾರ್‌ನಲ್ಲಿ ಕೈಯಿಂದ ವಾಚ್ ಒತ್ತುವ ತಪ್ಪು 0.2 ಸೆಕೆಂಡ್ ಅಂತ ಇಟ್ಕೊಳ್ಳಿ. 20 ಆಂದೋಲನದ 32 ಸೆಕೆಂಡಿನಲ್ಲಿ ಅದು ಶೇ. 0.6, ಜಿಗೆ ಬಂದಾಗ ಎರಡರಷ್ಟಾಗಿ ಶೇ. 1.2. ಅಂದರೆ ಜಿಯಲ್ಲಿ 0.12. 50 ಆಂದೋಲನ ತೆಗೆದರೆ 80 ಸೆಕೆಂಡ್, ತಪ್ಪು ಅದೇ 0.2, ಜಿಯಲ್ಲಿ ಶೇ. 0.5ಕ್ಕೆ ಇಳಿಯುತ್ತೆ. ಗ್ರಾಫಿನಿಂದ ಎಲ್ ಓದುವಾಗ 2 ಮಿ.ಮೀ. ತಪ್ಪು 634 ಮಿ.ಮೀ.ನಲ್ಲಿ ಶೇ. 0.3. ಎರಡನ್ನೂ ವರ್ಗಿಸಿ ಕೂಡಿಸಿ ಮೂಲ ತೆಗೆದರೆ ಶೇ. 0.6, ಅಂದರೆ 0.06. ನಿಮಗೆ 9.74 ಬಂದರೆ 9.74 ± 0.06 ಅಂತ ಬರೆಯಿರಿ. 9.78 ಅದರೊಳಗಿದೆ, ಅಳತೆ ಸರಿಯಾಗಿದೆ. 9.7423 ಅಂತ ಕ್ಯಾಲ್ಕುಲೇಟರ್ ತೋರಿಸಿದ್ದನ್ನೆಲ್ಲ ಇಳಿಸಬೇಡಿ. ವೈವಾದಲ್ಲಿ "9.8 ಯಾಕೆ ಬರಲಿಲ್ಲ" ಅಂತ ಕೇಳಿದರೆ ಅಕ್ಷಾಂಶ, ಎತ್ತರ ಹೇಳಿ, ಜೊತೆಗೆ ಈ 0.06 ಎಲ್ಲಿಂದ ಬಂತು ಅಂತ ತೋರಿಸಿ. 9.78 ಮತ್ತು 9.80ರ ನಡುವಿನ ವ್ಯತ್ಯಾಸ ಹಿಡಿಯುವಷ್ಟು ಸೂಕ್ಷ್ಮತೆ ಈ ಉಪಕರಣಕ್ಕಿಲ್ಲ.

ಕೋಶ ಎಣಿಕೆಯಲ್ಲಿ ಎಣಿಸಿದ ಸಂಖ್ಯೆಯ ವರ್ಗಮೂಲವೇ ಅಂದಾಜು ದೋಷ. ಉದಾಹರಣೆಗೆ 500 ಕೋಶದಲ್ಲಿ ಪ್ರೊಫೇಸ್ 26, ಮೆಟಾಫೇಸ್ 8, ಅನಾಫೇಸ್ 5, ಟೀಲೋಫೇಸ್ 6 ಸಿಕ್ಕವು ಅನ್ನಿ. ಒಟ್ಟು 45, ಇಂಡೆಕ್ಸ್ ಶೇ. 9. 45ರ ವರ್ಗಮೂಲ 6.7, ಆದ್ದರಿಂದ ಶೇ. 9.0 ± 1.3. ಕೋಶಚಕ್ರ 20 ಗಂಟೆ ಅಂತ ಹಿಡಿದು ಮೆಟಾಫೇಸ್ ಎಷ್ಟು ಹೊತ್ತು ಅಂತ ಕೇಳಿದರೆ 8 ÷ 500 × 1200 = 19 ನಿಮಿಷ. ಆದರೆ 8ರ ವರ್ಗಮೂಲ ಸುಮಾರು 3, ಅದಕ್ಕೇ ಅದು 19 ± 7 ನಿಮಿಷ. 1000 ಕೋಶ ಎಣಿಸಿದರೆ ಗಟ್ಟಿಯಾಗುತ್ತೆ.

ಬೇರುತುದಿ

ಲೋಲಕ ಅವರ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. ಆ ವರ್ಗಮೂಲ ಸರಿ ಇರೋದು ಕಣ್ಣಿಗೆ ಬಿದ್ದ ಕಡೆ ಎಣಿಸದೆ ಇದ್ದಾಗ ಮಾತ್ರ. ಚೆಂದದ ಮೆಟಾಫೇಸ್ ಕಂಡ ಕೂಡಲೇ ಅಲ್ಲೇ ನಿಂತು ಎಣಿಸಿದರೆ ಇಂಡೆಕ್ಸ್ ಹುಸಿಯಾಗಿ ಏರುತ್ತೆ. ಸ್ಲೈಡಿನ ಒಂದು ಮೂಲೆಯಿಂದ ಶುರುಮಾಡಿ ಉಳುವ ಸಾಲಿನ ಹಾಗೆ ಅತ್ತ ಹೋಗಿ ಇತ್ತ ಬನ್ನಿ, ಎದುರಾದ ಪ್ರತಿ ಫೀಲ್ಡ್‌ನ ಎಲ್ಲಾ ಚೌಕ ಕೋಶಗಳನ್ನೂ ಎಣಿಸಿ. ಫೀಲ್ಡ್ ಅಂಚಿನಲ್ಲಿ ಅರ್ಧ ಕಾಣುವ ಕೋಶವನ್ನ ಎಡಗಡೆಯದಾದರೆ ಸೇರಿಸಿ, ಬಲಗಡೆಯದಾದರೆ ಬಿಡಿ. ಕನಿಷ್ಠ ಮೂರು ಬೇರಿನ ಸ್ಲೈಡ್ ಇರಲಿ. ಪ್ರೊಫೇಸ್ ಶುರುವೋ ಇಂಟರ್‌ಫೇಸೋ (ವಿಭಜನೆ ಶುರುವಾಗದ ಹಂತ) ಅಂತ ಅನುಮಾನ ಬಂದರೆ ಒಂದು ನಿಯಮ ಇಟ್ಟುಕೊಳ್ಳಿ: ಎಳೆ ಎಳೆಯಾಗಿ ದಾರ ಬಿಡಿಸಿ ಕಂಡರಷ್ಟೇ ಪ್ರೊಫೇಸ್. ಆ ನಿಯಮವನ್ನ ರೆಕಾರ್ಡ್‌ನಲ್ಲೂ ಒಂದು ಸಾಲು ಬರೆಯಿರಿ.

ಕ್ರೋಮೋಸೋಮ್ ಹರಡಲಿ ಅಂತ ಯಾರಾದರೂ 8-ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ ನೆನೆಸಿದ ಬೇರು ಕೊಟ್ಟರೆ ಅದು 16 ಎಣಿಸೋಕೆ ಬಹಳ ಒಳ್ಳೆಯದು. ಇಂಡೆಕ್ಸ್‌ಗೆ ಮಾತ್ರ ಬೇಡ. ಅದು ಸ್ಪಿಂಡಲ್ ಕಟ್ಟದಂತೆ ತಡೆದು ಕೋಶಗಳನ್ನ ಮೆಟಾಫೇಸ್‌ನಲ್ಲೇ ನಿಲ್ಲಿಸಿರುತ್ತೆ.

ಲೋಲಕ

ಸರಿಯಾದ ತಿದ್ದುಪಡಿ. ಇನ್ನು ಹಳೆ ಟೇಬಲ್ ವಿಷಯ: 10.83 ಬಂದ ಹಾಳೆಯನ್ನ ಹರಿಯಬೇಡಿ. ಅದರ ಮೇಲೆ ಸ್ಕೇಲ್ ಇಟ್ಟು ಒಂದೇ ಅಡ್ಡಗೆರೆ ಎಳೆಯಿರಿ, ಅಂಕಿಗಳು ಓದುವಂತಿರಲಿ. ಪಕ್ಕದಲ್ಲಿ "ಎಣಿಕೆ 1ರಿಂದ ಶುರುವಾಗಿದ್ದರಿಂದ 19 ಆಂದೋಲನದ ಸಮಯ" ಅಂತ ಬರೆದು ತಾರೀಕು ಹಾಕಿ, ಹೊಸ ಟೇಬಲನ್ನ ಮುಂದಿನ ಪುಟದಿಂದ ಶುರುಮಾಡಿ.